ಸಂದರ್ಶನದ ಕೋಣೆಯಲ್ಲಿ ಕೇಳಿದ ಎರಡು ಪ್ರಶ್ನೆ

“ನಿಮ್ಮದು ಎಲ್ಲಿ ಆಯ್ತು? ಯಾರ ಪೈಕಿ?”

ಸೋಮವಾರದಿಂದ ಈ ಮಾತು ಕಿವಿಯಲ್ಲೇ ಇದೆ. ನಮ್ಮದು ಸಾಲ ಕೊಡುವ ಖಾಸಗಿ ಕಂಪನಿ. ಮಂಗಳೂರಿನ ಹಂಪನಕಟ್ಟೆಯ ಆಫೀಸಿನಲ್ಲಿ ಡೆಪ್ಯುಟಿ ಜನರಲ್ ಮ್ಯಾನೇಜರ್ ಹುದ್ದೆಗೆ ಬಡ್ತಿಯ ಸಂದರ್ಶನ. ಅಂಕದ ಹಾಳೆ ತುಂಬಿಸುವ ಕೆಲಸ ನನ್ನದಾದ್ದರಿಂದ ನಾನೂ ಒಳಗಿದ್ದೆ. ಅಭ್ಯರ್ಥಿ ಮನೆತನದ ಹೆಸರು ಹೇಳಿದ್ದೇ ತಡ, ಸಮಿತಿಯ ಹಿರಿಯರ ಮುಖ ಅರಳಿತು. “ಹೋ, ನಮ್ಮ ಭಾವನ ಕಡೆಯವರು!” ಆಮೇಲೆ ಕಂಬಳ, ನೆಂಟರು, ಊರಿನ ಬ್ರಹ್ಮಕಲಶ. ಕೆಲಸದ ಬಗ್ಗೆ ಕೊನೆಯಲ್ಲಿ ಒಂದೆರಡು ಮಾತು.

ಮುಂದಿನ ಸರದಿ ನಾವೆಲ್ಲ ಅಕ್ಕ ಎಂದೇ ಕರೆಯುವವರದ್ದು. ಅವರಿಗೆ ಕೇಳಿದ್ದು: “ಮುಂಬೈಗೆ ಹಾಕಿದರೆ ಹೋಗ್ತೀರಾ? ಮನೆಯಲ್ಲಿ ಒಪ್ತಾರಾ?”

“ಹೋಗ್ತೇನೆ ಸರ್. ಮನೆಯಲ್ಲಿ ಮಾತಾಡಿಯೇ ಅರ್ಜಿ ಹಾಕಿದ್ದು.”

“ಆದ್ರೂ ಮಗಳು ಪಿಯುಸಿ ಅಲ್ವಾ?”

ಮೊದಲು ಬಂದವರ ಮಗನೂ ಪಿಯುಸಿಯೇ. ಅವರಿಗೆ ಮುಂಬೈ ಮಾತೇ ಬರಲಿಲ್ಲ. ಅಕ್ಕ ಮಲ್ಪೆ, ಗಂಗೊಳ್ಳಿಯ ದೋಣಿ ಸಾಲಗಳನ್ನು ಸರಿದಾರಿಗೆ ತಂದವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಕಂತು ಕೇಳಬಾರದು, ಉಳಿದ ಹತ್ತು ತಿಂಗಳಿಗೆ ಹಂಚಬೇಕು ಎಂದು ಹಟ ಹಿಡಿದು ಮಾಡಿಸಿದ್ದು ಅವರೇ. ಅದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಹಾಳೆಯಲ್ಲಿ ‘ನಾಯಕತ್ವ’ ಎಂಬ ಅಂಕಣವಿದೆ; ಏನನ್ನು ನೋಡಿ ಅಂಕ ಕೊಡಬೇಕೆಂದು ಎಲ್ಲೂ ಬರೆದಿಲ್ಲ. ಅಕ್ಕನಿಗೆ ಕಡಿಮೆ ಬಿದ್ದದ್ದು ಅಲ್ಲೇ.

ಇಬ್ಬರಿಗೂ ಒಂದೇ ಪ್ರಶ್ನೆ ಯಾಕಿಲ್ಲ ಸರ್ ಎಂದು ಆಗಲೇ ಕೇಳಿದೆ. “ಅದೆಲ್ಲ ಪರಿಚಯಕ್ಕೆ ಕೇಳೋದು ಮಾರಾಯ್ರೆ” ಎಂದರು ಆ ಹಿರಿಯರು. ನನಗೆ ಕೆಲಸ ಕಲಿಸಿದವರು, ಒಬ್ಬರ ಒಂದು ರೂಪಾಯಿ ಮುಟ್ಟದ ಮನುಷ್ಯ. ಅದಕ್ಕೇ ನೋವು ಹೆಚ್ಚು.

ಪರಿಚಯಕ್ಕೆ ಈ ಕರಾವಳಿಯಲ್ಲಿ ಬೆಲೆ ಇತ್ತು, ಒಪ್ಪುತ್ತೇನೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು, 1931ರಲ್ಲಿ ಎ.ಬಿ. ಶೆಟ್ಟರು ಬ್ಯಾಂಕ್ ಕಟ್ಟಿದಾಗ ಜನರ ಗುರುತೇ ದೊಡ್ಡ ಆಧಾರ. ಸಾಲ ಕೇಳಿ ಬಂದವನ ಬಳಿ ಬೇರೆ ಕಾಗದಪತ್ರ ಏನಿರುತ್ತಿತ್ತು? ಆದರೆ ವರ್ಷಗಟ್ಟಲೆ ನಮ್ಮ ಕಣ್ಣೆದುರೇ ದುಡಿದವರ ಕಡತ ಮೇಜಿನ ಮೇಲೆ ತೆರೆದಿರುವಾಗ ಯಾರ ಪೈಕಿ ಎಂದು ತಿಳಿದು ಆಗಬೇಕಾದ್ದೇನು?

ಸರ್ಕಾರಿ ನೌಕರರ ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ ಅವರಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಬಡ್ತಿ ತಪ್ಪಿದರೆ ಯಾಕೆ ತಪ್ಪಿತೆಂದು ಅವರಿಗೆ ಕೇಳಲು ಒಂದು ದಾರಿಯಾದರೂ ಇದೆ. ನಮ್ಮಂಥ ಖಾಸಗಿ ಕಂಪನಿಯಲ್ಲಿ ಅಕ್ಕನಿಗೆ ಸಿಕ್ಕಿದ್ದು “ಮುಂದಿನ ಸಲ ನೋಡುವ” ಎಂಬ ಮಾತು ಮಾತ್ರ.

ಆಯ್ಕೆಯಾದವರು ಕೆಲಸ ಬಾರದವರಲ್ಲ. ಸರಿಯಾಗಿ ಕೇಳಿದ್ದರೂ ಅವರೇ ಗೆಲ್ಲುತ್ತಿದ್ದರೋ ಏನೋ. ಈಗ ಅದು ಅವರಿಗೂ ತಿಳಿಯುವಂತಿಲ್ಲ.

ಎಲ್ಲರಿಗೂ ಒಂದೇ ಪ್ರಶ್ನೆಪಟ್ಟಿ, ಚರ್ಚೆಗೆ ಮೊದಲೇ ಒಬ್ಬೊಬ್ಬರೂ ಬೇರೆಬೇರೆಯಾಗಿ ಅಂಕ, ಕಡಿಮೆ ಕೊಟ್ಟರೆ ಎರಡು ಸಾಲಿನ ಕಾರಣ, ಅಭ್ಯರ್ಥಿಯ ನೆಂಟರಿದ್ದರೆ ಸಮಿತಿಯಿಂದ ಹೊರಗೆ. ಇಷ್ಟನ್ನು ಬರೆದು ನಿನ್ನೆ ಆಡಳಿತ ನಿರ್ದೇಶಕರಿಗೆ ಕೊಟ್ಟಿದ್ದೇನೆ, ಒಂದು ಪ್ರತಿ ಆ ಹಿರಿಯರಿಗೂ.