ಪದವಿನ ಐದು ಚೌಕ: ಎಂಟು ತಿಂಗಳ ಲೆಕ್ಕ

ಹೋದ ಮೇ ತಿಂಗಳಲ್ಲಿ ಶುರು ಮಾಡಿದ ಕೆಲಸಕ್ಕೆ ಈ ಜನವರಿಗೆ ಎಂಟು ತಿಂಗಳು ತುಂಬಿತು. ಎರಡು ನೋಟ್‌ಬುಕ್ ಮುಗಿದಿವೆ, ಮೂರನೆಯದು ಅರ್ಧಕ್ಕೆ ಬಂದಿದೆ. ಇಲ್ಲಿಯವರೆಗೆ ಏನು ಕಂಡೆ ಅಂತ ಒಂದು ಕಡೆ ಬರೆದಿಡದಿದ್ದರೆ ಮುಂದಿನ ಮಳೆಗಾಲದ ಹೊತ್ತಿಗೆ ನನಗೇ ಮರೆತುಹೋಗುತ್ತದೆ.

ನಮ್ಮ ಮನೆ ಬಂಟ್ವಾಳ ತಾಲೂಕಿನಲ್ಲಿ. ಹಿಂದಿನ ಗುಡ್ಡ ಹತ್ತಿದರೆ ಮೇಲೆ ಪದವು. ಘಟ್ಟದ ಮೇಲಿನವರಿಗೆ ಹೇಳುವುದಾದರೆ, ಪದವು ಅಂದರೆ ಮುರಕಲ್ಲಿನ ದೊಡ್ಡ ಚಪ್ಪಟೆ ಬಯಲು. ಮೇ ತಿಂಗಳಲ್ಲಿ ನೋಡಿದರೆ ಸುಟ್ಟ ಇಟ್ಟಿಗೆ ಹಾಸಿದ ಹಾಗೆ ಕಾಣುತ್ತದೆ, ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳಲ್ಲಿ, ನೋಡಿದರೆ ಹಸಿರು ಕಂಬಳಿ. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ ಇಲ್ಲಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ಬಿಸಿಲು. ಅಷ್ಟು ನೀರು, ಅಷ್ಟು ಬಿಸಿಲು, ಆದರೆ ಮಣ್ಣೇ ಇಲ್ಲ. ಅಲ್ಲಿ ಯಾವ ಗಿಡ ಎಲ್ಲಿ ನಿಲ್ಲುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ ಅನ್ನುವುದು ನನ್ನ ಪ್ರಶ್ನೆ.

ಮುರಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ನೆಲದಿಂದ ಕಡಿದು ಇಟ್ಟಿಗೆಯ ಹಾಗೆ ಬಳಸುವುದನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನ್‌ನಲ್ಲಿ ಇರುವ ಪದದಿಂದಲೇ ಹೆಸರು ಮಾಡಿ 1807ರಲ್ಲಿ ಬರೆದ. ನೆಲದೊಳಗೆ ಇರುವಾಗ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ನಮ್ಮ ಕೋರೆಯಲ್ಲಿ ಕಲ್ಲು ಕಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು, ಗಿಡಕ್ಕೆ ಬೇಕಾದ ಸಾರವೆಲ್ಲ ಇಳಿದು ಹೋಗಿ ಕೊನೆಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಉಳಿದ ಕಲ್ಲು ಇದು. ಅದರ ಮೇಲೆ ಬದುಕುವುದು ಸುಲಭ ಅಲ್ಲ.

ವಿಧಾನ ತುಂಬಾ ಸರಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಐದು ಚೌಕ. ಗೂಟ ಹೊಡೆಯಲು ಕಲ್ಲು ಬಿಡಲಿಲ್ಲ, ಹಾಗಾಗಿ ಮೂಲೆಗಳಿಗೆ ಹಳದಿ ಎನಾಮಲ್ ಪೇಂಟ್ ಬಳಿದೆ. ಮಣ್ಣಿನ ಆಳ ಅಳೆಯಲು ಹಳೆ ಕೊಡೆಯ ಕಡ್ಡಿ. ಅದಕ್ಕೆ ಅಮ್ಮನ ಉಗುರುಬಣ್ಣದಿಂದ ಅರ್ಧರ್ಧ ಸೆಂಟಿಮೀಟರ್‌ಗೆ ಗೆರೆ ಹಾಕಿದ್ದೇನೆ. ಪ್ರತಿ ಚೌಕದಲ್ಲಿ ಇಪ್ಪತ್ತೈದು ಕಡೆ ಚುಚ್ಚಿ ನೋಡುವುದು, ಪ್ರತಿ ಭಾನುವಾರ ಗಿಡ ಎಣಿಸುವುದು, ಫೋಟೋ ತೆಗೆಯುವುದು, ಅಷ್ಟೇ.

ಎಣಿಸುವುದು ಯಾಕೆ, ಸುಮ್ನೆ ನೋಡಿದರೆ ಸಾಲದಾ ಅಂತ ಕೇಳಿದವರಿದ್ದಾರೆ. 1890ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ ರೋಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಅನ್ನುವ ಇಬ್ಬರು ಹೀಗೆ ಚೌಕ ಹಾಕಿ ಎಣಿಸಿದಾಗ, ತಾವು ಕಣ್ಣಂದಾಜಿನಲ್ಲಿ ಬರೆದದ್ದು ಎಷ್ಟೋ ಕಡೆ ತಪ್ಪು ಅಂತ ಗೊತ್ತಾಯಿತು. ನನಗೂ ಅದೇ ಆಯಿತು. ಎರಡನೇ ಚೌಕದಲ್ಲಿ ಅಂಗಿಯ ಬಿಳಿ ಗುಂಡಿಯ ಹಾಗೆ ಹೂ ಬಿಡುವ ಎರಿಯೊಕಾಲಾನ್ ಗಿಡವೇ ಜಾಸ್ತಿ ಅಂತ ಅಂದುಕೊಂಡಿದ್ದೆ. ಎಣಿಸಿದರೆ ಅದರ ಮೂರು ಪಟ್ಟು ಒಂದು ಸಣ್ಣ ಹುಲ್ಲು ಇತ್ತು. ಬಿಳಿ ಹೂ ಕಣ್ಣಿಗೆ ಬೀಳುತ್ತದೆ, ಹುಲ್ಲು ಬೀಳುವುದಿಲ್ಲ.

ಮೊದಲು ಬರಿ ಕಲ್ಲಿನ ಚೌಕ, ಒಂದನೆಯದು. ಎ.ಸಿ. ರಿಪೇರಿ ಮಾಡುವ ಭಾವನ ಹತ್ತಿರ ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಇದೆ, ಅದನ್ನು ಕೇಳಿ ತಂದಿದ್ದೆ. ಮೇ 20ರ ಮಧ್ಯಾಹ್ನ ಒಂದು ಗಂಟೆಗೆ ಕಲ್ಲಿನ ಮೈ 58 ಡಿಗ್ರಿ. ಅದರ ಮೇಲೆ ಒಂದು ಕಪ್ಪು ಪದರ ಇದೆ, ಬೂದಿ ಮೆತ್ತಿದ ಹಾಗೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಅದು ಕೊಳೆ ಅಲ್ಲ, ಒಣಗಿ ಮಲಗಿರುವ ನೀಲಿ-ಹಸಿರು ಪಾಚಿ. ಪತ್ತನಾಜೆ (ಮೇ 24ರ ಸುಮಾರಿಗೆ ಬರುವ ತುಳುವರ ವಿಶೇಷ ದಿನ) ಕಳೆದು ಮೊದಲ ಮಳೆ ಬಂದ ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಅದೇ ಪದರ ಕಡು ಹಸಿರಾಗಿ, ಉಬ್ಬಿ, ಮುಟ್ಟಿದರೆ ಜಾರುತ್ತಿತ್ತು. ಈ ಗುಂಪಿನ ಹಲವು ಜಾತಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡ ಬಳಸುವ ರೂಪಕ್ಕೆ ತರುತ್ತವೆ. ಬೇರೆ ಯಾರೂ ಗೊಬ್ಬರ ಹಾಕದ ಜಾಗದಲ್ಲಿ ಮೊದಲ ಗೊಬ್ಬರ ಇದೇ ಅಲ್ವಾ.

ಜೂನ್ ಎರಡನೇ ವಾರ ನೆಲತಾಳೆ ಎದ್ದಿತು. ಕಲ್ಲಿನ ಸಂದಿಯಲ್ಲಿ ಗೆಡ್ಡೆ ಇಟ್ಟುಕೊಂಡಿರುವ ಗಿಡ, ಬೀಜದಿಂದ ಮೊಳೆಯಲು ಕಾಯಬೇಕಾಗಿಲ್ಲ. ಬೇರೆಯವು ಎರಡು ಎಲೆ ಬಿಡುವ ಹೊತ್ತಿಗೆ ಇದು ನೆಲಕ್ಕೆ ಅಂಟಿಕೊಂಡ ಹಾಗೆ ಹಳದಿ ಹೂವನ್ನೇ ಬಿಟ್ಟಾಗಿತ್ತು.

ಇನ್ನು ಎರಡನೇ ಚೌಕ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಮಣ್ಣು ಒಂದರಿಂದ ಎರಡು ಸೆಂಟಿಮೀಟರ್ ಅಷ್ಟೇ. ಜುಲೈ ಕೊನೆಗೆ ಇಲ್ಲಿ ಡ್ರೋಸೆರಾ ಇಂಡಿಕಾ ಎದ್ದಿತು, ಇಂಗ್ಲಿಷ್‌ನವರು ಸನ್‌ಡ್ಯೂ ಅನ್ನುತ್ತಾರೆ, ಬಿಸಿಲಿನ ಇಬ್ಬನಿ. ಬೆರಳುದ್ದದ ಗಿಡ, ದಾರದಂಥ ಎಲೆ, ಎಲೆ ತುಂಬಾ ಕೆಂಪು ಕೂದಲು, ಪ್ರತಿ ಕೂದಲಿನ ತುದಿಗೆ ಒಂದು ಅಂಟಿನ ಹನಿ. ಹೊಟ್ಟೆಯ ಮೇಲೆ ಮಲಗಿ ನೋಡಿದರೆ ಮಾತ್ರ ಅದರ ಚೆಂದ ಗೊತ್ತಾಗುವುದು. ಆಗಸ್ಟ್ 10, ಬೆಳಗ್ಗೆ 7.20ಕ್ಕೆ ಒಂದು ನುಸಿ ಬಂದು ಕೂತಿತು. ಮುಂದಿನ ಎರಡು ಕಾಲು ಅಂಟಿತು, ಎಳೆಯಿತು, ರೆಕ್ಕೆ ಬಡಿಯಿತು, ರೆಕ್ಕೆಯೂ ಅಂಟಿತು. ಐದಾರು ನಿಮಿಷಕ್ಕೆ ಅಲುಗಾಟ ನಿಂತಿತು. ಅಕ್ಕಪಕ್ಕದ ಕೂದಲುಗಳು ಒಂದೊಂದೇ ಅದರ ಕಡೆ ಬಾಗುತ್ತಾ ಬಂದವು. ಮಧ್ಯೆ ಮಳೆ ಬಂತು, ಕೊಡೆಯನ್ನು ನನಗೆ ಹಿಡಿಯದೆ ಗಿಡಕ್ಕೆ ಹಿಡಿದೆ. ಹತ್ತು ಗಂಟೆಗೆ ಎಲೆಯೂ ಆ ಜಾಗದಲ್ಲಿ ಸ್ವಲ್ಪ ಡೊಂಕಾಗಿತ್ತು. ಮರುದಿನ ಉಳಿದದ್ದು ಖಾಲಿ ಚಿಪ್ಪು.

ಗಿಡ ಹುಳ ತಿನ್ನುವುದು ಶಕ್ತಿಗಾಗಿ ಅಲ್ಲ, ಅದಕ್ಕೆ ಎಲೆ ಮತ್ತು ಬಿಸಿಲು ಇದೆ. ಹುಳದಿಂದ ಬೇಕಾದದ್ದು ಸಾರಜನಕ, ರಂಜಕ. ಮಳೆ ತೊಳೆದ ಎರಡು ಸೆಂಟಿಮೀಟರ್ ಮಣ್ಣಿನಲ್ಲಿ ಅದು ಸಿಗುವುದಿಲ್ಲ. ಆದರೆ ಅಂಟು ಮಾಡುವುದಕ್ಕೂ ಖರ್ಚಿದೆ. ನೀರು ಧಾರಾಳವಾಗಿ ಇರಬೇಕು, ಬಿಸಿಲು ನೇರ ಬೀಳಬೇಕು, ಆಗ ಮಾತ್ರ ಈ ಖರ್ಚು ಗಿಟ್ಟುತ್ತದೆ. ನೆರಳಿನಲ್ಲಿ ಗಿಟ್ಟುವುದಿಲ್ಲ, ಒಳ್ಳೆ ಮಣ್ಣಿನಲ್ಲಿ ಬೇರೆ ಗಿಡ ಎತ್ತರ ಬೆಳೆದು ಇದನ್ನು ಮುಚ್ಚಿಬಿಡುತ್ತದೆ. ನೀರು ಜಾಸ್ತಿ, ಬಿಸಿಲು ಜಾಸ್ತಿ, ಸಾರ ಕಡಿಮೆ, ಈ ಮೂರೂ ಒಟ್ಟಿಗೆ ಸಿಗುವ ಜಾಗವೇ ಆಟಿ ಮತ್ತು ಅದರ ಮುಂದಿನ ತಿಂಗಳಾದ ಸೋಣದ ಪದವು.

ಪಕ್ಕದಲ್ಲೇ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ. ಹೂ ನೋಡಿದರೆ ಪಾಪದ ಗಿಡ. ಆದರೆ ಅದಕ್ಕೆ ನಿಜವಾದ ಬೇರೇ ಇಲ್ಲ, ಒದ್ದೆ ಮಣ್ಣಿನೊಳಗೆ ಬೇರಿನ ಹಾಗೆ ಹರಡಿದ ದಾರಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಚೀಲದ ಬಾಗಿಲಿನ ಕೂದಲನ್ನು ಏನಾದರೂ ಮುಟ್ಟಿದರೆ ಬಾಗಿಲು ಒಳಕ್ಕೆ ತೆರೆದು ನೀರಿನ ಜೊತೆ ಜೀವಿಯನ್ನೂ ಎಳೆದುಕೊಳ್ಳುತ್ತದೆ, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಒಂದು ಗಿಡ ಮಾತ್ರ ಕಿತ್ತು ತಟ್ಟೆಯಲ್ಲಿ ನೀರು ಹಾಕಿ ಭೂತಗನ್ನಡಿಯಲ್ಲಿ ನೋಡಿದೆ, ಚೀಲ ಕಂಡಿತು, ಹಿಡಿಯುವುದನ್ನು ನೋಡಲು ಆಗಲಿಲ್ಲ.

ಸೋಣ ತಿಂಗಳಲ್ಲಿ ಅಮ್ಮ ಹೊಸ್ತಿಲು ಪೂಜೆಗೆ ಹೂ ತರಲು ಪದವಿಗೆ ಬಂದಿದ್ದರು. ನಾನು ಚೌಕದ ಹತ್ತಿರ ಕೂತಿದ್ದೆ. “ಈ ಬಿಳಿ ಹೂ ತೆಳು ಮಣ್ಣಿನಲ್ಲೇ ಮಗಾ, ಆ ಹುಲ್ಲಿನ ಕಡೆ ಹುಡುಕಿದರೆ ಒಂದೂ ಸಿಗುವುದಿಲ್ಲ” ಅಂದರು. ಇಪ್ಪತ್ತೈದು ಕಡೆ ಕಡ್ಡಿ ಚುಚ್ಚಿ ನಾನು ಕಂಡುಕೊಂಡದ್ದು ಅವರಿಗೆ ಮೂವತ್ತು ವರ್ಷ ಹೂ ಕೊಯ್ದು ಗೊತ್ತಿತ್ತು. ಆಮೇಲೆ ಅವರ ಜೊತೆ ಒಂದು ಗಂಟೆ ನಡೆದು, ಯಾವ ಹೂ ಯಾವ ವಾರ ಎಲ್ಲಿ ಅಂತ ಕೇಳಿ ಮೂರು ಪುಟ ಬರೆದುಕೊಂಡೆ. ನನ್ನ ನೋಟ್‌ಬುಕ್‌ನಲ್ಲಿ ಅತ್ಯಂತ ಬೆಲೆಯ ಪುಟಗಳು ಅವು.

ಬೇಸರದ ಸಂಗತಿಯೂ ಒಂದಿದೆ. ಜುಲೈ ಮೊದಲ ವಾರ ವನಮಹೋತ್ಸವಕ್ಕೆ ಅಂತ ಒಂದು ಸಂಘದವರು ಪದವಿನಲ್ಲಿ ಗಿಡ ನೆಟ್ಟರು. ಪಿಕ್ಕಾಸಿನಲ್ಲಿ ಕಲ್ಲು ಒಡೆದು, ಕೆಳಗಿನಿಂದ ಕೆಂಪು ಮಣ್ಣು ತಂದು ಸುರಿದರು. ಎರಡನೇ ಚೌಕದ ಒಂದು ಮೂಲೆಯ ಮೇಲೆ ಆರು ಸೆಂಟಿಮೀಟರ್ ಮಣ್ಣು ಬಿತ್ತು. ಅವರ ಉದ್ದೇಶ ಒಳ್ಳೆಯದೇ, ಖಾಲಿ ಜಾಗ ಹಸಿರಾಗಲಿ ಅಂತ. ಆದರೆ ಅದು ಖಾಲಿ ಜಾಗ ಆಗಿರಲಿಲ್ಲ. ನನಗೆ ಆ ದಿನ ತುಂಬಾ ಸಂಕಟ ಆಯಿತು. ಆದರೂ ಮಣ್ಣು ತೆಗೆಯದೆ ಆ ಮೂಲೆಯನ್ನೂ ಬೇರೆಯಾಗಿ ಎಣಿಸುತ್ತಾ ಹೋದೆ. ಸೆಪ್ಟೆಂಬರ್ ಹೊತ್ತಿಗೆ ಆ ಮೂಲೆಯಲ್ಲಿ ನಾಚಿಕೆಮುಳ್ಳು ಮತ್ತು ತೋಟದ ಕಳೆ. ಒಂದೇ ಒಂದು ಡ್ರೋಸೆರಾ ಇಲ್ಲ, ಬಿಳಿ ಗುಂಡಿ ಇಲ್ಲ. ಒಂದು ಗೇಣು ಆಚೆ ಎರಡೂ ತುಂಬಿಕೊಂಡಿದ್ದವು. ಮಳೆ ಅದೇ, ಬಿಸಿಲು ಅದೇ, ಬೇರೆ ಇದ್ದದ್ದು ಮಣ್ಣು ಮಾತ್ರ. ಕಳೆಯ ಬೀಜ ಮಣ್ಣಿನ ಜೊತೆಗೇ ಬಂದಿರಬೇಕು, ಹಾಗಾಗಿ ಆಳವೊಂದೇ ಕಾರಣ ಅಂತ ಹೇಳುವ ಹಾಗಿಲ್ಲ. ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಡಿಸೆಂಬರ್ ಬಿಸಿಲಿಗೆ ಒಣಗಿವೆ.

ಮೂರನೇ ಚೌಕ ಪಳ್ಳದ ಅಂಚಿನಲ್ಲಿ. ಕಲ್ಲಿನ ತಗ್ಗಿನಲ್ಲಿ ಮಳೆ ನೀರು ನಿಂತು ಆಗುವ ಹೊಂಡ ಅದು. ಅಕ್ಟೋಬರ್ ಮಧ್ಯದಿಂದ ನೀರು ಇಳಿಯತೊಡಗಿತು. ನೀರು ಇಳಿದ ಹಾಗೆ ಅಂಚಿನಲ್ಲಿ ಬಳೆಯ ಹಾಗೆ ಸುತ್ತುಗಳು ಕಾಣುತ್ತವೆ: ಹೊರಗಿನ ಸುತ್ತು ಬೀಜ ಕಟ್ಟಿ ಕಂದಾಗಿರುವಾಗ ಒಳಗಿನ ಸುತ್ತು ಇನ್ನೂ ಹೂ ಬಿಡುತ್ತಿರುತ್ತದೆ, ಅದರೊಳಗೆ ರೋಟಾಲ ಗಿಡ ನೀರಿನಲ್ಲೇ ಕೆಂಪಗೆ ನಿಂತಿರುತ್ತದೆ. ದನಗಳ ಗೊರಸಿನ ಗುರುತಿನಲ್ಲಿ ನಿಂತ ನೀರಿನಲ್ಲೂ ಇದೇ ಸುತ್ತು, ಅಂಗೈಯಷ್ಟು ಅಳತೆಯಲ್ಲಿ!

ನಾಲ್ಕನೆಯದು ಮುಳಿಹುಲ್ಲಿನ ಜಾಗ, ಮಣ್ಣು ಸುಮಾರು ಹದಿನೈದು ಸೆಂಟಿಮೀಟರ್. ಮೊದಲು ಮನೆಯ ಮಾಡಿಗೆ ಹೊದಿಸಲು ಈ ಹುಲ್ಲನ್ನು ವರ್ಷ ವರ್ಷ ಕೊಯ್ಯುತ್ತಿದ್ದರು, ಈಗ ಹಂಚು, ಶೀಟು, ಯಾರಿಗೂ ಬೇಡ. ಮೇ ಕೊನೆಗೆ ಚೌಕದ ಅರ್ಧ ಭಾಗದ ಹಳೆ ಹುಲ್ಲನ್ನು ಕತ್ತಿಯಲ್ಲಿ ಸವರಿ, ಅರ್ಧವನ್ನು ಹಾಗೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ಕೊಯ್ದ ಕಡೆ ಹನ್ನೊಂದು ಬಗೆ ಗಿಡ, ಬಿಟ್ಟ ಕಡೆ ಐದು. ಒಣಹುಲ್ಲು ಬೆಳಕು ತಡೆಯುತ್ತದೆ ಅನ್ನುವುದು ನನ್ನ ಊಹೆ. ಒಂದೇ ಚೌಕ, ಒಂದೇ ವರ್ಷ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಈ ಚೌಕದ ಪಕ್ಕದ ಹುತ್ತದ ಬುಡದಲ್ಲಿ ಕೇಪುಳ, ನೆಕ್ಕರಿಕೆ ಸೊಂಪಾಗಿವೆ. ಮುರಕಲ್ಲಿನ ಇಂಥ ಹುಳಿ (ಆಮ್ಲೀಯ) ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಹೆಚ್ಚಿನ ಗಿಡಗಳ ಬೇರಿನ ತುದಿಯನ್ನು ಕೆಡಿಸುತ್ತದೆ. ನೆಕ್ಕರಿಕೆ ಮಾತ್ರ ಅದನ್ನು ಹೀರಿ ಎಲೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ, ಅದರಿಂದ ಚೆನ್ನಾಗಿಯೇ ಬೆಳೆಯುತ್ತದೆ.

ಐದನೆಯದು ಅಕೇಶಿಯಾ ನೆಡುತೋಪಿನ ಒಳಗೆ. ಇದು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ನಾವು ಎಲೆ ಅಂತ ಅನ್ನುವುದು ಅದರ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಚಕ್ಕಳದ ಹಾಗೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಎಂಟು ತಿಂಗಳಲ್ಲಿ ಇಲ್ಲಿ ಕಂಡದ್ದು ಎರಡೇ ಬಗೆ ಗಿಡ. ನೆರಳು ಕಾರಣವೋ ಎಲೆ ಹಾಸು ಕಾರಣವೋ ಗೊತ್ತಾಗಲು ಮುಂದಿನ ಮೇ ತಿಂಗಳಲ್ಲಿ ಅರ್ಧ ಭಾಗದ ಎಲೆ ಬಾಚಿ ತೆಗೆಯುತ್ತೇನೆ.

ಈಗ ಪದವು ಮತ್ತೆ ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಎಣಿಸಲು ಏನೂ ಇಲ್ಲ, ಹಾಗಾಗಿ ಮನೆಯಲ್ಲಿ ಇನ್ನೊಂದು ಪರೀಕ್ಷೆ ಶುರು ಮಾಡಿದ್ದೇನೆ. ಎರಡನೇ ಚೌಕದ ಹೊರಗಿನಿಂದ ಒಣಮಣ್ಣು ಕೆರೆದು ತಂದು ಐಸ್‌ಕ್ರೀಮಿನ ಮೂರು ಡಬ್ಬಿಗೆ ಹಾಕಿದೆ. ಒಂದಕ್ಕೆ ಈಗಲೇ ನೀರು. ಇನ್ನೊಂದು ತಾರಸಿಯ ಬಿಸಿಲಿನಲ್ಲಿ, ಮತ್ತೊಂದು ಅಟ್ಟದ ಕತ್ತಲೆಯಲ್ಲಿ, ಎರಡಕ್ಕೂ ನೀರು ಜೂನ್‌ನಲ್ಲಿ. ಮೊಳೆಯಲು ಬೀಜಕ್ಕೆ ನೀರು ಮಾತ್ರ ಸಾಕಾ, ಅಥವಾ ಅದಕ್ಕೂ ಮೊದಲು ಒಂದು ಬೇಸಿಗೆ ಕಾಯಬೇಕಾ? ಆಗಾಗ ಬರುವ ಜನವರಿಯ ಒಂದು ಮಳೆಗೆ ಮೋಸಹೋಗಿ ಎದ್ದ ಮೊಳಕೆ ಫೆಬ್ರವರಿ ನೋಡುವುದಿಲ್ಲ ಅಲ್ವಾ.

ನೀರು ಹಾಕಿದ ಡಬ್ಬಿಗೆ ಇವತ್ತಿಗೆ ಹನ್ನೊಂದು ದಿನ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಿದ್ದೇನೆ, ಅಲ್ಲಿ ಬೆಳಗ್ಗಿನ ಬಿಸಿಲು ಸಿಗುತ್ತದೆ. ಕಪ್ಪು ಪದರ ಎರಡನೇ ದಿನಕ್ಕೇ ಹಸಿರಾಗಿದೆ. ಮೊಳಕೆ ಒಂದೂ ಇಲ್ಲ.