ಮೈಕ್ರೋವೇವ್ ಒಳಗೊಂದು ಪುಟ್ಟ ಕುಲುಮೆ

ಪೀಣ್ಯದ ಫರ್ನೇಸ್ ಸಾಮಾನಿನ ಅಂಗಡಿಯೊಂದರಿಂದ ಸೆರಾಮಿಕ್ ಫೈಬರ್ ಬೋರ್ಡ್ (ಬಿಸಿ ತಾಳುವ ನಾರಿನ ಹಲಗೆ) ತಂದಾಗಿನಿಂದ ಮನೆಯವರದ್ದೆಲ್ಲ ಒಂದೇ ಪ್ರಶ್ನೆ: ಮೈಕ್ರೋವೇವ್ ಒಳಗೆ ಗಾಜು ಕರಗುತ್ತದಾ? ಕರಗುತ್ತದೆ. ಆದರೆ ಗಾಜನ್ನು ಸುಮ್ನೆ ಒಳಗಿಟ್ಟರೆ ಆಗುವುದಿಲ್ಲ. ತಣ್ಣಗಿರುವ ಗಾಜಿನ ಮೂಲಕ ಮೈಕ್ರೋವೇವ್ ಅಲೆಗಳು ಬಹುಮಟ್ಟಿಗೆ ಹಾದುಹೋಗುತ್ತವೆ. ಕುಲುಮೆಯ ಒಳಗೆ ಬಳಿಯುವ ಸಿಲಿಕಾನ್ ಕಾರ್ಬೈಡ್ ಪುಡಿ ಹಾಗಲ್ಲ, ಅಲೆಗಳನ್ನು ಹೀರಿಕೊಂಡು ಕೆಂಪಗೆ ಕಾಯುತ್ತದೆ, ಆ ಕಾವು ಗಾಜಿಗೆ ತಗಲುತ್ತದೆ, ಸುತ್ತಲಿನ ಬೋರ್ಡ್ ಅದನ್ನು ಹೊರಗೆ ಸೋರಲು ಬಿಡುವುದಿಲ್ಲ. ಇಡೀ ಕಿಲ್ನ್, ಅಂದರೆ ಈ ಪುಟ್ಟ ಕುಲುಮೆ, ಇಷ್ಟೇ: ಒಂದು ಚಪ್ಪಟೆ ತಳ, ಒಳಗೆ ಟೊಳ್ಳು ಮಾಡಿದ ಒಂದು ಮುಚ್ಚಳ.

ನನ್ನ ಬೋರ್ಡ್ 1260 ಡಿಗ್ರಿ ಸೆಲ್ಸಿಯಸ್ ದರ್ಜೆಯದು. ಅದನ್ನು ಕೊರೆಯುವ ಕೆಲಸದ ಬಗ್ಗೆಯೇ ನಾನು ಜಾಸ್ತಿ ಹೇಳಬೇಕು. ಎಲ್ಲರೂ ಬಿಸಿಗೆ ಹೆದರುತ್ತಾರೆ, ಧೂಳಿಗೆ ಯಾರೂ ಹೆದರುವುದಿಲ್ಲ. ಈ ನಾರಿನ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಹುದಾದವುಗಳ ಸಾಲಿಗೆ ಸೇರಿಸಿದೆ. ಹಾಗಾಗಿ ತಾರಸಿಯಲ್ಲಿ ಕೂತು, ಬೋರ್ಡಿಗೆ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್, ತುಂಬುತೋಳಿನ ಅಂಗಿ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಕೊರೆದೆ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು. ಆಮೇಲೆ ಗುಡಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಚೂರುಗಳನ್ನೆಲ್ಲ ಕವರಿಗೆ ಹಾಕಿ ಕಟ್ಟಿದೆ. ಆ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ಒಗೆಯಲು ಹಾಕಲೇ ಇಲ್ಲ.

ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಸೋಡಿಯಂ ಸಿಲಿಕೇಟ್ ಎಂಬ ಅಂಟುದ್ರವದಲ್ಲಿ ಕಲಸಿ ಮುಚ್ಚಳದ ಒಳಗೆ ಬಳಿದೆ. ಇದು ಚೆನ್ನಾಗಿ ಒಣಗಬೇಕು. ಒಳಗೆ ನೀರಿನ ಪಸೆ ಉಳಿದರೆ ಆವಿಯಾಗಿ ಲೇಪ ಉಬ್ಬಿ ಕಿತ್ತುಬರುತ್ತದೆ. ಅದಕ್ಕೇ ದಿನಗಟ್ಟಲೆ ಬಿಸಿಲಿಗಿಟ್ಟು, ಆಮೇಲೆ ಸಣ್ಣ ಪವರಿನಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿ ಹದ ಮಾಡಿದೆ.

ಮೈಕ್ರೋವೇವ್ ಇದಕ್ಕೇ ಮೀಸಲು, ಅಡುಗೆಮನೆಯಿಂದ ಹೊರಗೆ. ಅದರಲ್ಲಿ ಇನ್ನು ಮುಂದೆ ಹಾಲು ಕೂಡ ಕಾಯಿಸುವಂತಿಲ್ಲ. ತಿರುಗುವ ಗಾಜಿನ ತಟ್ಟೆ ತೆಗೆದು, ಕಿಲ್ನ್ ಅನ್ನು ಸೆರಾಮಿಕ್ ಕಾಲುಗಳ ಮೇಲೆ ಎತ್ತರಿಸಿ ಇಟ್ಟೆ. ಮೈಕ್ರೋವೇವಿನ ಕವಚವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಮೊದಲ ಉರಿಗೆ ಕಿಟಕಿ ಗಾಜಿನ ಎರಡು ಚೂರು ತೆಗೆದುಕೊಂಡೆ, 3 ಮಿಲಿಮೀಟರಿನವು, ಒಂದೇ ಹಾಳೆಯಿಂದ ಕತ್ತರಿಸಿದ್ದು. ಪೂರ್ತಿ ಕರಗಿದ ಗಾಜು ತಾನಾಗಿ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ, ಹಾಗಾಗಿ ಎರಡು ಪದರ ಇಟ್ಟರೆ ಆಕಾರ ಕೆಡುವುದಿಲ್ಲ. ಕೆಳಗೆ ಬಿಸಿ ತಾಳುವ ಫೈಬರ್ ಪೇಪರ್, ಇಲ್ಲದಿದ್ದರೆ ಗಾಜು ತಳಕ್ಕೆ ಅಂಟುತ್ತದೆ. ಆ ಪೇಪರಿನ ಅಂಟು ಸುಟ್ಟು ಮೊದಲು ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಗಾಳಿಯಾಡುವ ಜಾಗದಲ್ಲಿದ್ದರೆ ತೊಂದರೆಯಿಲ್ಲ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇತ್ತು. ನಾನು ಅಲ್ಲಿಂದ ಕದಲಲಿಲ್ಲ.

ಕೆಲವು ನಿಮಿಷ ಆದ ಮೇಲೆ ಬಾಗಿಲು ತೆಗೆದು, ವೆಲ್ಡಿಂಗ್ ಗ್ಲೌಸಿನಲ್ಲಿ ಮುಚ್ಚಳ ಒಂದಿಷ್ಟೇ ಓರೆ ಮಾಡಿ ಇಣುಕಿದೆ. ಒಳಗೆಲ್ಲ ಕಿತ್ತಳೆ ಬೆಳಕು! ಗಾಜಿನ ಅಂಚು ಇನ್ನೂ ಚೂಪಾಗಿತ್ತು. ಮತ್ತೆ ಮುಚ್ಚಿ ಅರ್ಧರ್ಧ ನಿಮಿಷ ಬಿಟ್ಟು ನೋಡುತ್ತಾ ಹೋದೆ. ಕಾದ ಗಾಜು ತಾನೇ ಅಲೆಗಳನ್ನು ಹೀರಲು ಶುರುಮಾಡುತ್ತದೆ, ಹಾಗಾಗಿ ಕೊನೆಯಲ್ಲಿ ಎಲ್ಲ ಬಹಳ ಬೇಗ ನಡೆಯುತ್ತದೆ. ಅಂಚು ದುಂಡಗಾಗಿ, ಮೇಲ್ಮೈ ಹೊಳೆದಿದ್ದೇ ತಡ, ನಿಲ್ಲಿಸಿ ಕಿಲ್ನ್ ಅನ್ನು ಬೆಂಕಿ ಇಟ್ಟಿಗೆಯ ಮೇಲಿಟ್ಟೆ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಲಿಲ್ಲ. ಬೇಗ ತೆರೆದರೆ ಗಾಜಿನ ಹೊರಗೂ ಒಳಗೂ ಬೇರೆ ಬೇರೆ ವೇಗದಲ್ಲಿ ತಣಿದು ಅದು ಸೀಳುತ್ತದೆ. ಕರಗಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಅದು ತಣಿಯಲಿ ಅಂತ ಕೂರುವುದಕ್ಕೇ ಹೋಯಿತು, ಮತ್ತು ಅದರಲ್ಲಿ ಒಂದು ನಿಮಿಷವೂ ಉಳಿಸುವಂತಿರಲಿಲ್ಲ.

ಆಮೇಲೆ ಬಳೆ ಚೂರು. ಒಡೆದ ಬಳೆಗಳನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ ಕೊಂಡಿಗೆ ಕೊಂಡಿ ಸೇರಿಸಿ ಸರ ಮಾಡುತ್ತಿದ್ದದ್ದು ನಿಮಗೂ ನೆನಪಿರಬೇಕಲ್ವಾ? ಅದೇ ಆಸೆಯಿಂದ ಹಸಿರು ಬಳೆಯ ಚೂರನ್ನು ಕಿಟಕಿ ಗಾಜಿನ ಮೇಲಿಟ್ಟು ಕರಗಿಸಿದೆ. ಚಿನ್ನದ ಬಣ್ಣ ಬಳಿದ ಬಳೆ ಬೇಡ, ಲೋಹದ ಪದರ ಕಿಡಿ ಹಾರಿಸಬಹುದು.

ಬಂದ ಪದಕ ನೋಡಲು ಬಹಳ ಚೆಂದ. ಆದರೆ ಎರಡು ಬಗೆಯ ಗಾಜು ಒಂದೇ ಸಮ ಕುಗ್ಗದಿದ್ದರೆ ಸೇರಿದ ಕಡೆ ಬಿಗಿತ ಉಳಿಯುತ್ತದೆ, ವಾರಗಳಾದ ಮೇಲೂ ತಾನಾಗಿ ಸೀಳಬಹುದು. ಕಲಾಗಾಜನ್ನು 90, 96 ಅಂತ ಅಂಕಿ ಹಾಕಿ ಮಾರುವುದು ಈ ಹಿಗ್ಗುವ ಕುಗ್ಗುವ ಅಳತೆಯನ್ನು ತಿಳಿಸಲಿಕ್ಕೇ. ಬಳೆಗೆ ಅಂಥ ಅಂಕಿ ಇರುವುದಿಲ್ಲ. ಲ್ಯಾಪ್‌ಟಾಪಿನ ಬಿಳಿ ಪರದೆ ಮುಂದೆ ಪದಕ ಹಿಡಿದು, ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ ನೋಡಿದೆ. ಕಿಟಕಿ ಗಾಜು ಕಪ್ಪಾಗಿಯೇ ಇತ್ತು, ಹಸಿರು ಚೂರಿನ ಸುತ್ತ ಮಾತ್ರ ಬೆಳ್ಳನೆಯ ಅಂಚು. ಹೀಗೆ ಬೆಳಕು ತೂರಿಬಂದರೆ ಅಲ್ಲಿ ಬಿಗಿತ ಇದೆ ಅಂತ. ಅಕ್ಕನ ಮಗಳು ಅದನ್ನೇ ಕೇಳಿದಳು, ಕೊಡಲಿಲ್ಲ. ಅವಳ ಕುತ್ತಿಗೆಗೆ ಒಂದೇ ಹಾಳೆಯಿಂದ ಮಾಡಿದ, ಬಣ್ಣವಿಲ್ಲದ ಪದಕ ಕಟ್ಟಿಕೊಟ್ಟೆ.