ಓಣಿಯ ಪಂಪ್ ಟ್ರ್ಯಾಕ್: ರೋಹಿಣಿ ಮಳೆಗೆ ಬಿದ್ದ ಗೋಡೆ

ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅಂತ ಗಾದೆ. ನಮ್ಮ ಓಣಿಯಲ್ಲಿ ಈ ಸಲ ಆದದ್ದು ಕೆಸರು, ಅದೂ ನಾನೇ ಕಟ್ಟಿದ ಗೋಡೆಯದು. ಶುಕ್ರವಾರ ರಾತ್ರಿ ಒಂದೂವರೆ ತಾಸು ಹೊಡೆದ ಮಳೆಗೆ ಎರಡನೇ ತಿರುವಿನ ಗೋಡೆ ಅರ್ಧಕ್ಕರ್ಧ ಜಾರಿ ದಾರಿಯ ಮೇಲೆ ಕೂತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಕೊಪ್ಪಳದ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿರುವ, ಮಕ್ಕಳು ಸೈಕಲ್ ಓಡಿಸುವ ಮಣ್ಣಿನ ಟ್ರ್ಯಾಕ್ ಇದು. ಒಂದು ಸುತ್ತಿಗೆ 60 ಮೀಟರ್, ಹನ್ನೊಂದು ಡುಬ್ಬ, ತಿರುವುಗಳಲ್ಲಿ ಮೂರು ಓರೆ ಗೋಡೆ. ಡುಬ್ಬ ಮೊಣಕಾಲೆತ್ತರ, ನೆತ್ತಿಯಿಂದ ನೆತ್ತಿಗೆ ಹತ್ತು ಅಡಿ. ಪೆಡಲ್ ತುಳಿಯುವಂತಿಲ್ಲ. ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿನಿಂದ ಸೈಕಲ್ಲನ್ನು ಕೆಳಕ್ಕೆ ಒತ್ತಬೇಕು, ವೇಗ ಅಲ್ಲೇ ಹುಟ್ಟುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೆ ಡಾಂಬರು ಹಾಕುತ್ತಾರೆ, 2019ರಿಂದ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಹೆಸರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೇ ಇದೆ. ನಮ್ಮಲ್ಲಿ ಇರುವುದು ಎರಡು ಸಲಿಕೆ, ನಾಲ್ಕು ಪುಟ್ಟಿ, ಮಣ್ಣು ಬಡಿದು ಕೂರಿಸುವ ಒಂದು ದಿಮ್ಮಸು, ಮತ್ತೆ ಸೈಟಿನ ಮಾಲೀಕರಾದ ಕಾಕಾ ಅವರ ಮಾತು: "ನಾ ಮನಿ ಕಟ್ಟೋತನಕ ಆಡ್ರಿ."

ತಪ್ಪು ಶುರುವಾದದ್ದು ಹೋದ ವರ್ಷ. ಪಕ್ಕದಲ್ಲಿ ಯಾರೋ ಪಾಯ ತೋಡಿ ಎರೆಮಣ್ಣು ತೆಗೆದಿದ್ದರು. ಪುಕ್ಕಟೆ ಸಿಗುತ್ತದೆ ಅಂತ ಎರಡನೇ ಗೋಡೆಗೆ ಅದನ್ನೇ ಏರಿಸಿದೆ. ಚಳಿಗಾಲದಲ್ಲಿ ಕಲ್ಲಿನಂತೆ ನಿಂತಿತ್ತು, ನಾನೂ ಬೀಗಿದೆ. ಏಪ್ರಿಲ್ ಬಿಸಿಲಿಗೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ನನ್ನ ತೋರುಬೆರಳು ಎರಡು ಗೆಣ್ಣು ಒಳಗೆ ಹೋಗುವಷ್ಟು. ಮಕ್ಕಳ ಸೈಕಲ್ ಗಾಲಿ ಸಿಕ್ಕೀತು ಎಂದು ಉಸುಕು ಸುರಿದು, ಸರಳಿನಿಂದ ಗಿಡಿದು, ಮೇಲೆ ಸಾರಿಸಿಬಿಟ್ಟೆ. ನೋಡಲಿಕ್ಕೆ ಚಂದವೇ ಇತ್ತು.

ಶನಿವಾರ ಬೆಳಿಗ್ಗೆ ಕಾಕಾ ಬಂದು, ಬಿದ್ದ ಹೆಂಟೆಯೊಂದನ್ನು ಕಾಲಿನಿಂದ ಹೊರಳಿಸಿ ನೋಡಿದರು.

"ಬಿರುಕಿಗೆ ಏನ್ ತುಂಬಿದ್ದಿ ತಮ್ಮಾ?"

"ಉಸುಕು, ಕಾಕಾ."

"ಮತ್ತ? ಎರಿಮಣ್ಣು ನೀರು ಕುಡದು ಹಿಗ್ಗತೈತಿ. ಹಿಗ್ಗಾಕ ಇದ್ದ ಜಾಗಾನ ನೀ ಮುಚ್ಚಿ ಕುಂತಿ. ಅದು ಎಲ್ಲಿಗೆ ಹೋಗಬೇಕು?"

ನಲವತ್ತು ವರ್ಷ ಎರಿ ಹೊಲ ಮಾಡಿದವರು. ಹೆಂಟೆ ಒಡೆದು ನೋಡಿದರೆ ಅವರು ಹೇಳಿದ್ದೇ: ಕಪ್ಪು ಮಣ್ಣಿನ ನಡುವೆ ನನ್ನ ಉಸುಕಿನ ಬಿಳಿ ಗೆರೆ ಹಾಗೇ ಇತ್ತು, ಗೋಡೆ ಸೀಳಿದ್ದು ಅದರ ಗುಂಟವೇ. ಉಸುಕಿನೊಳಗೆ ನೀರಿಳಿದಿದೆ, ಎರಡೂ ಕಡೆಯ ಮಣ್ಣು ಉಬ್ಬಿದೆ, ಮುಖದ ಕಡೆ ತಡೆ ಇರಲಿಲ್ಲ, ಅತ್ತ ಜಾರಿದೆ.

ಭಾನುವಾರದಿಂದ ರಿಪೇರಿ. ಜಾರಿದ್ದನ್ನೆಲ್ಲ ಹೊರಗೆ ಹಾಕಿದೆವು. ಉಳಿದ ಎರೆಯನ್ನು ಒಂದಡಿ ಕೆತ್ತಿ, ಹೊಸ ಮಣ್ಣು ಹಿಡಿದುಕೊಳ್ಳಲಿ ಅಂತ ಮುಖಕ್ಕೆ ಮೆಟ್ಟಿಲು ಕಡಿದೆವು. ಮೇಲಿನ ಹೊದಿಕೆಗೆ ಒಂದು ಟ್ರಾಲಿ ಮಸಾರಿ, ಅಂದರೆ ಕೆಂಪು ಮಣ್ಣು ತರಿಸಿದೆ. ಮೂರು ಪುಟ್ಟಿ ಮಸಾರಿಗೆ ಒಂದು ಪುಟ್ಟಿ ಜರಡಿ ಹಿಡಿದ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು). ಒಳಗೆ ಎರೆ ಉಳಿಯಲಿ, ಬಿಸಿಲೂ ಮಳೆಯೂ ನೇರ ತಾಗದಿದ್ದರೆ ಅದು ಅಷ್ಟು ಕುಣಿಯುವುದಿಲ್ಲ.

ಎಲ್ಲ ಇರುವುದು ಹದದಲ್ಲಿ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಯಿತು, ಮೂರ್ನಾಲ್ಕು ಚೂರಾದರೆ ಸರಿ. ಮಕ್ಕಳಿಗೆ ಇದೇ ಒಂದು ಆಟವಾಗಿ, ಅರ್ಧ ಮಣ್ಣು ಉಂಡೆಯಲ್ಲೇ ಖರ್ಚಾಯಿತು! ಸಡಿಲ ಮಣ್ಣು ಆರು ಇಂಚು ಹರವಿ, ನಾಲ್ಕಕ್ಕೆ ಇಳಿಯುವತನಕ ದಿಮ್ಮಸು ಬಡಿದು, ಮೇಲೆ ಗೀರು ಹಾಕಿ, ನೀರು ಚಿಮುಕಿಸಿ ಮುಂದಿನ ಪದರ. ನಾಲ್ಕು ಪದರಕ್ಕೆ ಮೂರು ಸಂಜೆ, ನನ್ನ ರಟ್ಟೆ ಇನ್ನೂ ನೋಯುತ್ತಿದೆ.

ನಿಜವಾದ ಕಾಯಿಲೆ ಬುಡದಲ್ಲಿತ್ತು. ತಿರುವಿನ ಒಳಮಗ್ಗುಲು ತಗ್ಗು, ನೀರೆಲ್ಲ ಅಲ್ಲಿ ನಿಂತು ಗೋಡೆಯ ಪಾದ ನೆನೆಸುತ್ತಿತ್ತು. ಒಂದು ಗೇಣು ಆಳದ ಕಾಲುವೆ ತೋಡಿ, ಟ್ರ್ಯಾಕಿನ ಅಡಿಯಲ್ಲಿ ಹಳೇ ಪಿವಿಸಿ ಪೈಪ್ ಹಾಯಿಸಿ ಚರಂಡಿಗೆ ಬಿಟ್ಟೆ. ಇದನ್ನು ಹೋದ ವರ್ಷವೇ ಮಾಡಬೇಕಿತ್ತು. ಮಣ್ಣಿನ ಚಾವಣಿಯ ಮಾಳಿಗೆ ಮನೆಯಲ್ಲಿ ಬೆಳೆದವನು ನಾನು; ಮಳೆಗಾಲ ಬಂತೆಂದರೆ ಅಜ್ಜಿ ಮಾಳಿಗೆಗೆ ಮಣ್ಣು ಹಾಕಿಸುವ ಮೊದಲು ನೀರು ಹೋಗುವ ತೂಬು ನೋಡುತ್ತಿದ್ದಳು. ಆ ಬುದ್ಧಿ ನನಗೆ ಬರಲಿಲ್ಲ.

ಮಂಗಳವಾರ ಸಣ್ಣ ಮಳೆ ಬಂತು, ಪೈಪಿನ ಬಾಯಲ್ಲಿ ಕೆಂಪು ನೀರು ಸುರಿಯಿತು. ಛತ್ರಿ ಹಿಡಿದು ನಿಂತು ನೋಡಿದೆ.

ಗೋಡೆಗೆ ಹಗ್ಗ ಕಟ್ಟಿದ್ದೇನೆ, ಸದ್ಯ ಯಾರೂ ಹತ್ತುವಂತಿಲ್ಲ. ದಿನಾ ಹೆಬ್ಬೆರಳು ಒತ್ತಿ ನೋಡುತ್ತೇನೆ. ನಿನ್ನೆ ಉಗುರಿನ ಗುರುತಷ್ಟೇ ಬಿತ್ತು. ಈ ನಡುವೆ ಮೂಲೆಮನೆಯ ಹುಡುಗಿ ಬಂದು, "ಮಾಮಾ, ಮೂರನೇ ಡುಬ್ಬ ಒದೀತೈತ್ರಿ" ಅಂದಳು. ಹೋಗಿ ನೋಡಿದರೆ ಡುಬ್ಬದ ಹಿಂದೆ, ಎಲ್ಲರೂ ಬ್ರೇಕ್ ಹಿಡಿಯುವ ಜಾಗದಲ್ಲಿ, ಅಂಗೈಯಷ್ಟು ಗುಳಿ. ಉಳಿದ ಎರಡು ಪುಟ್ಟಿ ಮಸಾರಿ ಅದಕ್ಕೇ ಇಟ್ಟಿದ್ದೇನೆ.